ಕೀಮೋ ದಿನಗಳಲ್ಲಿ ನಾನು ಫೇಸ್‌ಬುಕ್‌ನಲ್ಲಿ ಬರೆದದ್ದು

ಆಗಸ್ಟ್ 1ರಂದು ಮೈಸೂರಿನಲ್ಲಿ ನನಗೆ ಮೊದಲ ಕೀಮೋ ಕೊಟ್ಟರು. ಸ್ತನ ಕ್ಯಾನ್ಸರ್. ಔಷಧದ ಹೆಸರು ಡಾಕ್ಸೊರುಬಿಸಿನ್, ನೋಡಲಿಕ್ಕೇ ಕೆಂಪು. ಅಲ್ಲಿಂದ ಮಡಿಕೇರಿ ಹತ್ತಿರದ ನಮ್ಮ ತೋಟಕ್ಕೆ ಸುಮಾರು 120 ಕಿಲೋಮೀಟರ್. ಕುಶಾಲನಗರ ದಾಟಿ ತಿರುವುಗಳು ಶುರುವಾದ ಮೇಲೆ ಎರಡು ಸಲ ಕಾರು ನಿಲ್ಲಿಸಬೇಕಾಯಿತು. ರಾತ್ರಿ ಬಚ್ಚಲಿಗೆ ಹೋದರೆ ಮೂತ್ರ ಕೆಂಪಗಿತ್ತು.

ನಾನು ಹೆದರಲಿಲ್ಲ. ಹಿಂದಿನ ವಾರವಷ್ಟೇ ಫೇಸ್‌ಬುಕ್‌ನಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ಬರೆದದ್ದನ್ನು ಓದಿದ್ದೆ: ಈ ಔಷಧ ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಾಗುತ್ತದೆ, ಅದು ರಕ್ತ ಅಲ್ಲ. ನರ್ಸ್ ಕೂಡ ಹೇಳಿದ್ದರಂತೆ. ಆದರೆ ಮೊದಲ ಕೀಮೋದ ಗಾಬರಿಯಲ್ಲಿ ಯಾವ ಮಾತು ತಲೆಗೆ ಹೋಗುತ್ತೆ ಹೇಳಿ?

ಎರಡು ದಿನಕ್ಕೆ ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ; ಅವತ್ತು ಮದ್ದು ಸೊಪ್ಪು ಎಂಬ ಕಾಡು ಸೊಪ್ಪು ತಿನ್ನುವ ರೂಢಿ. ಅತ್ತೆ ಮದ್ದು ಸೊಪ್ಪು ಬೇಯಿಸಿ ಪಾಯಸ ಮಾಡುತ್ತಿದ್ದರು. ಅದನ್ನು ತಿಂದ ಮರುದಿನ ಎಲ್ಲರ ಮೂತ್ರವೂ ಕೆಂಪು, ಕೊಡಗಿನಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಆ ವರ್ಷ ನಾನು ಪಾಯಸ ಮುಟ್ಟಲಿಲ್ಲ. ಯಾವುದರ ಬಣ್ಣ ಎಂದು ಗೊತ್ತಾಗಬೇಕಲ್ವಾ? ಸಂಜೆ ಕರೆಂಟಿರಲಿಲ್ಲ. ಮೊಬೈಲಿನಲ್ಲಿ ಉಳಿದಿದ್ದ ಚಾರ್ಜಿನಲ್ಲೇ ನನ್ನ ಮೊದಲ ಬರಹ ಹಾಕಿದೆ. "ಮದ್ದು ಸೊಪ್ಪು ತಿಂದಾಗ ಆಗುತ್ತಲ್ಲ, ಹಾಗೇ. ಎರಡು ದಿನ ಕಳೆದರೂ ಹೋಗದಿದ್ದರೆ, ಉರಿ ಇದ್ದರೆ ಡಾಕ್ಟರಿಗೆ ಹೇಳಿ." ನಮ್ಮ ಕಡೆಯವರಿಗೆ ಅದು ತಟ್ಟನೆ ಅರ್ಥವಾಯಿತು.

ಆಮೇಲೆ 21 ದಿನಕ್ಕೊಂದು ಕೀಮೋ. ದಿನದ ಲೆಕ್ಕ ಹಾಕಿ ಬರೆಯುತ್ತಾ ಹೋದೆ. ಆರನೇ ದಿನ ಬಾಯಿ ಹುಣ್ಣು: ಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ಮುಕ್ಕಳಿಸಿದೆ, ಖಾರ ಬಿಟ್ಟು ತಣ್ಣಗಿನ ಗಂಜಿ ಕುಡಿದೆ. ಹಂದಿ ಸಾರಿನ ವಾಸನೆ ಬಂದರೆ ಅಂಗಳಕ್ಕೆ ಓಡುತ್ತಿದ್ದೆ. ಒಂದು ವಾರದಿಂದ ಎರಡು ವಾರದೊಳಗೆ ಬಿಳಿ ರಕ್ತಕಣ ತುಂಬಾ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಕಾಯುತ್ತಾ ಕೂರಬಾರದು. ಇದೊಂದನ್ನು ನಾನು ಪ್ರತಿ ಸಲವೂ ಬರೆದೆ, ಓದುವವರಿಗೆ ಬೇಸರವಾದರೂ ಸರಿ ಎಂದು.

ಒಂದು ತಪ್ಪು ಮಾಡಿದೆ. ವಾಂತಿಗೆ ಕೊಟ್ಟಿದ್ದ ಮಾತ್ರೆಯ ಹೆಸರು, ಅಳತೆ ಎರಡನ್ನೂ ಹಾಕಿಬಿಟ್ಟೆ. ಪಕ್ಕದ ತಾಲ್ಲೂಕಿನ ಒಬ್ಬರು ಅಂಗಡಿಯಲ್ಲಿ ತೆಗೆದುಕೊಂಡು ನುಂಗಿದರು. ಅದು ಸ್ಟಿರಾಯ್ಡ್, ಅವರಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಏರಿ ಎರಡು ದಿನ ಒದ್ದಾಡಿದರು. ಆ ಬರಹ ಅಳಿಸಿದೆ, ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವತ್ತಿನಿಂದ ನನಗೆ ಏನಾಯಿತು ಎಂದಷ್ಟೇ ಬರೆಯುತ್ತೇನೆ, ಮಾತ್ರೆಯ ಅಳತೆ ಬರೆಯುವುದಿಲ್ಲ. ಬರೆದದ್ದನ್ನು ಒಂದು ರಾತ್ರಿ ಇಟ್ಟು ಬೆಳಗ್ಗೆ ಹಾಕುತ್ತೇನೆ. ವಾರ್ಡಿನ ಫೋಟೊ ಹಾಕುವುದೇ ಇಲ್ಲ, ಪಕ್ಕದ ಹಾಸಿಗೆಯವರು ಮನೆಯಲ್ಲಿ ಹೇಳಿರುತ್ತಾರೋ ಇಲ್ಲವೋ.

ಲಕ್ಷ್ಮಣ ಫಲ ಎಂಬ ಹಣ್ಣು ತಿಂದರೆ ಕ್ಯಾನ್ಸರ್ ಹೋಗುತ್ತದೆ ಎನ್ನುವ ಮೆಸೇಜು ಮಾತ್ರ ನಿಲ್ಲಲಿಲ್ಲ. ಅದರಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಸಾಬೀತಾಗಿಲ್ಲ. ಕಳಿಸಿದವರು ಪ್ರೀತಿಯಿಂದಲೇ ಕಳಿಸಿದ್ದು. ಅದಕ್ಕೇ ಸುಮ್ನೆ ಬಿಡದೆ ಒಬ್ಬೊಬ್ಬರಿಗೂ ಉತ್ತರ ಬರೆದೆ: "ಅಕ್ಕ, ಹಣ್ಣು ತಿನ್ನುವ ಮೊದಲು ಡಾಕ್ಟರನ್ನು ಕೇಳ್ತೀನಿ, ಕೀಮೋ ಬಿಡಲ್ಲ."

"ಧೈರ್ಯವಂತೆ" ಎಂದು ಕರೆದರೆ ನನಗೆ ಕಷ್ಟ. ಅಳುತ್ತಿದ್ದ ದಿನಗಳನ್ನೂ ಬರೆದೆ. ಆ ದಿನದ ಬರಹಕ್ಕೇ ಜಾಸ್ತಿ ಜನ ನನಗೆ ಒಳಗೊಳಗೆ ಮೆಸೇಜು ಮಾಡಿದ್ದು.

ಮೊನ್ನೆ ಗೋಣಿಕೊಪ್ಪದ ಒಬ್ಬರು ಕೇಳಿದರು, ಹೆಂಡತಿಗೆ ಕೂದಲು ಉದುರಲು ಶುರುವಾಗಿದೆ, ಈ ಮಳೆ ಚಳಿಯಲ್ಲಿ ಏನು ಮಾಡೋದು ಎಂದು. ನನಗೆ ಉದುರಿದ್ದು ಹದಿನೆಂಟನೇ ದಿನ. ಬರೆದೆ: "ಅಣ್ಣ, ಮೆತ್ತಗಿನ ಹತ್ತಿ ಟೋಪಿ ಮೂರು ತನ್ನಿ. ಮಳೆಗಾಲದಲ್ಲಿ ಒಂದು ಒಣಗೋದೇ ಇಲ್ಲ. ಉಣ್ಣೆಯದು ಬರೀ ತಲೆಗೆ ಚುಚ್ಚುತ್ತೆ, ಬೇಕಿದ್ದರೆ ಹತ್ತಿಯದರ ಮೇಲೆ ಹಾಕಲಿ. ರಾತ್ರಿ ಮಲಗುವಾಗಲೂ ಒಂದು ಇರಲಿ."