ಬೈಕ್ ಟೂರಿನಲ್ಲಿ ಜಿಯೋಕ್ಯಾಶಿಂಗ್: ಕಷ್ಟ ಇರುವುದು ಕೊನೆಯ ಹತ್ತು ಮೀಟರಿನಲ್ಲಿ

ಆಟ ಸುಲಭ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಹಾಕಿರುತ್ತಾರೆ. ನೀವು ಹುಡುಕಿ, ಒಳಗಿರುವ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. 2000ರ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಒಂದೆರಡು ದಿನದಲ್ಲೇ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ ಇಟ್ಟು ಇದನ್ನು ಶುರು ಮಾಡಿದ. ಬೈಕಿನವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹೇಗೂ ಗಂಟೆಗೊಮ್ಮೆ ಇಳಿದು ಬೆನ್ನು ನೆಟ್ಟಗೆ ಮಾಡಬೇಕು, ಅಲ್ವಾ? ಅದಕ್ಕೊಂದು ನೆಪ ಸಿಕ್ಕಿತು.

ಖಾತೆ ತೆರೆಯುವುದು ಉಚಿತ, ಐದು ನಿಮಿಷದ ಕೆಲಸ. ಆಂಡ್ರಾಯ್ಡ್ ಇದ್ದರೆ ಸಿ:ಜಿಯೋ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ದುಡ್ಡು ಕಟ್ಟುವ ಸದಸ್ಯತ್ವ ಈಗಲೇ ಬೇಡ. 'ಜಿಪಿಎಸ್ ಬೂಸ್ಟರ್' ಅಂತ ಬರುವ ಆ್ಯಪ್‌ಗಳಂತೂ ಯಾವತ್ತೂ ಬೇಡ. ಫೋನಿನ ಆಂಟೆನಾ ಎಷ್ಟು ಹಿಡಿಯುತ್ತದೋ ಅಷ್ಟೇ, ಆ್ಯಪ್ ಹಾಕಿದರೆ ಅದೇನು ದೊಡ್ಡದಾಗುವುದಿಲ್ಲ.

ನಮ್ಮಲ್ಲಿ ಕ್ಯಾಶ್‌ಗಳು, ಅಂದರೆ ಹೀಗೆ ಬಚ್ಚಿಟ್ಟ ಡಬ್ಬಿಗಳು, ಕಡಿಮೆ. ಯುರೋಪಿನ ಹಾಗೆ ಬೀದಿಗೊಂದು ಸಿಗುವುದಿಲ್ಲ. ಹಾಗಾಗಿ ಮೊದಲು ನಿಮ್ಮ ರೂಟ್ ಹಾಕಿ, ಆಮೇಲೆ ದಾರಿಯಲ್ಲಿ ಏನಿದೆ ನೋಡಿ. ಒಂದು ಡಬ್ಬಿಗೋಸ್ಕರ ಎಂಬತ್ತು ಕಿಲೋಮೀಟರ್ ಸುತ್ತಿ, ಕತ್ತಲಾದ ಮೇಲೆ ಘಾಟಿ ಇಳಿಯುವುದು ಬೇಡ. ಪ್ರತಿ ಕ್ಯಾಶ್‌ಗೂ ಎರಡು ಅಂಕ ಇರುತ್ತವೆ, ಎರಡೂ 1ರಿಂದ 5ರವರೆಗೆ. ಹುಡುಕುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು, ನೆಲ ಎಷ್ಟು ಕಷ್ಟ ಅನ್ನುವುದಕ್ಕೆ ಇನ್ನೊಂದು. ಹೊಸಬರು ಎರಡೂ 2ರ ಒಳಗಿರುವುದನ್ನೇ ಆರಿಸಿ. ರೈಡಿಂಗ್ ಬೂಟು, ಜಾಕೆಟ್ ಹಾಕಿಕೊಂಡು 4ರ ನೆಲ ಹತ್ತಿದರೆ ಬೆವರಿನಲ್ಲೇ ಸ್ನಾನ. ಗಾತ್ರದಲ್ಲಿ 'ಮೈಕ್ರೋ' ಅಂದಿದ್ದರೆ ಬಿಟ್ಟು ಮುಂದೆ ಹೋಗಿ. ಬೆರಳ ತುದಿಯಷ್ಟಿದ್ದು, ಕಬ್ಬಿಣದ ಕಂಬಿಗೆ ಆಯಸ್ಕಾಂತದಿಂದ ಅಂಟಿಕೊಂಡು, ನೋಡಿದರೆ ನಟ್ಟಿನ ತಲೆ ಅನ್ನಿಸುವಂಥವೂ ಅದರಲ್ಲಿ ಸೇರಿರುತ್ತವೆ. ಕೊನೆಯದಾಗಿ ಯಾವಾಗ ಸಿಕ್ಕಿತ್ತು ಅಂತ ನೋಡಿ. ಕೊನೆಯ ಮೂರ್ನಾಲ್ಕು ಜನ 'ಸಿಗಲಿಲ್ಲ' ಅಂತ ಬರೆದಿದ್ದರೆ ಡಬ್ಬಿ ಗುಜರಿಗೆ ಹೋಗಿದೆ ಅಂತಲೇ ಲೆಕ್ಕ.

ಇನ್ನು ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. ಕ್ಯಾಶ್ ಪುಟದಲ್ಲಿ ಅಕ್ಷಾಂಶ ರೇಖಾಂಶ ಹೀಗಿರುತ್ತದೆ: ಉತ್ತರ 12° 58.300, ಪೂರ್ವ 77° 35.600. ಇದು ಡಿಗ್ರಿ ಮತ್ತು ನಿಮಿಷ. ಇದನ್ನು ಗೂಗಲ್ ಮ್ಯಾಪ್ಸ್‌ನಲ್ಲಿ 12.58300, 77.35600 ಅಂತ ಹಾಕುವವರನ್ನು ಎಷ್ಟೋ ಸಲ ನೋಡಿದ್ದೇನೆ. ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಆಗ ಬರುವುದು 12.97167, 77.59333. ಮೊದಲನೆಯದನ್ನು ನಂಬಿ ಹೋದರೆ ಕನಕಪುರದ ಕಡೆ ಯಾವುದೋ ಹೊಲದಲ್ಲಿ ನಿಂತಿರುತ್ತೀರಿ. ಎರಡನೆಯದು ಬೆಂಗಳೂರಿನ ಕಬ್ಬನ್ ಪಾರ್ಕ್ ಕಡೆ. ನಡುವಿನ ಅಂತರ ಹತ್ತಿರ ಹತ್ತಿರ 50 ಕಿಲೋಮೀಟರ್! ಭಾಗಾಕಾರ ಬೇಡವಾದರೆ '12 58.300, 77 35.600' ಅಂತ ನಡುವೆ ಜಾಗ ಬಿಟ್ಟು ಹಾಕಿ, ಗೂಗಲ್‌ಗೆ ಅರ್ಥವಾಗುತ್ತದೆ. ಮನೆಯಲ್ಲೇ ಕೂತು ಈ ಕೆಲಸ ಮುಗಿಸಿ. ಮ್ಯಾಪ್, ಪುಟ, ಸುಳಿವು ಎಲ್ಲವನ್ನೂ ಆಫ್‌ಲೈನ್ ಇಳಿಸಿಕೊಳ್ಳಿ, ಮಲೆನಾಡಿನಲ್ಲಿ ಸಿಗ್ನಲ್ ನಂಬಬೇಡಿ.

ಜಾಗ ಹತ್ತಿರ ಬಂತು ಅಂದ ತಕ್ಷಣ ಬ್ರೇಕ್ ಒತ್ತಬೇಡಿ, ಹಿಂದೆ ಲಾರಿ ಇರುತ್ತದೆ. ಮುಂದೆ ಗಟ್ಟಿ ನೆಲ ಸಿಕ್ಕಲ್ಲಿ ನಿಲ್ಲಿಸಿ, ನಡೆದು ವಾಪಸ್ ಬನ್ನಿ. ಆಮೇಲೆ ಫೋನನ್ನು ಹ್ಯಾಂಡಲ್‌ನಿಂದ ತೆಗೆದು ಕೈಯಲ್ಲಿ ಹಿಡಿಯಿರಿ. ಆಯಸ್ಕಾಂತದ ಮೌಂಟ್, ಆಯಸ್ಕಾಂತದ ಟ್ಯಾಂಕ್ ಬ್ಯಾಗ್ ಎರಡೂ ಫೋನಿನ ದಿಕ್ಸೂಚಿಯನ್ನು ಕೆಡಿಸುತ್ತವೆ. ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಹಾಗೆ ನಾಲ್ಕೈದು ಸಲ ತಿರುಗಿಸಿದರೆ ಸರಿಯಾಗುತ್ತದೆ. ಅಂದ ಹಾಗೆ, ಅಗ್ಗದ ಮೌಂಟ್ ಕೊಳ್ಳಬೇಡಿ. ಎಂಜಿನ್ನಿನ ನಡುಕಕ್ಕೆ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ನಡುಕ ಹೀರುವ ರಬ್ಬರ್ ಇರುವ ಮೌಂಟೇ ಬೇಕು.

ಈಗ ಕೊನೆಯ ಹತ್ತು ಮೀಟರ್. ಬಾಣದ ಗುರುತನ್ನೇ ನೋಡುತ್ತಾ, ಅದು ತಿರುಗಿದ ಕಡೆಗೆಲ್ಲ ತಿರುಗುತ್ತಾ ಮರದ ಸುತ್ತ ಗಾಣದೆತ್ತಿನ ಹಾಗೆ ಸುತ್ತುವವರೇ ಎಲ್ಲರೂ. ಫೋನಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ತಪ್ಪುತ್ತದೆ. ಮರದಡಿ, ದೊಡ್ಡ ಬಂಡೆಗಳ ಪಕ್ಕ ಇನ್ನೂ ಜಾಸ್ತಿ. ಬಚ್ಚಿಟ್ಟವರ ಫೋನೂ ಅಷ್ಟೇ ತಪ್ಪಿರುತ್ತದೆ. ಆದ್ದರಿಂದ ಹತ್ತು ಮೀಟರ್ ಅಂತ ತೋರಿಸಿದಾಗ ಒಂದು ನಿಮಿಷ ಸುಮ್ನೆ ನಿಲ್ಲಿ, ಸಂಖ್ಯೆ ನಿಲ್ಲಲಿ. ಬೇರೆ ದಿಕ್ಕಿನಿಂದ ಇನ್ನೊಂದು ಸಲ ಬನ್ನಿ. ಎರಡು ದಾರಿಯೂ ಸೇರುವ ಜಾಗ ಮನಸ್ಸಲ್ಲಿಟ್ಟುಕೊಂಡು ಫೋನ್ ಜೇಬಿಗೆ ಹಾಕಿ. ಆಮೇಲೆ ಕಣ್ಣಿನ ಕೆಲಸ. ನೀವಾಗಿದ್ದರೆ ಎಲ್ಲಿ ಇಡುತ್ತಿದ್ದಿರಿ? ಜೋಡಿಸಿದ ಹಾಗೆ ಕಾಣುವ ಕಲ್ಲುಗಳು, ಮರದ ಬುಡದ ಪೊಟರೆ, ಮೋರಿಯ ಅಂಚು, ಬೇರೆ ಬಣ್ಣದ ತೊಗಟೆ. ಜಾಗದ ಮಾಲೀಕರ ಅನುಮತಿ ಇಲ್ಲದೆ ನೆಲ ಅಗೆದು ಹೂಳುವುದನ್ನು ನಿಯಮವೇ ಒಪ್ಪುವುದಿಲ್ಲ. ಅಗೆಯಬೇಕು ಅನ್ನಿಸಿದರೆ ನೀವು ಬಹುಶಃ ತಪ್ಪು ಜಾಗದಲ್ಲಿದ್ದೀರಿ. ಪೊಟರೆಗೆ ಬರಿಗೈ ಹಾಕಬೇಡಿ, ಮೊದಲು ಕೋಲಿನಿಂದ ತಟ್ಟಿ. ಹಾವು, ಚೇಳಿಗೆ ನಿಮ್ಮ ಆಟ ಗೊತ್ತಿಲ್ಲ. ಗ್ಲೌಸ್ ಹೇಗೂ ಇದೆಯಲ್ಲ. ಹದಿನೈದು ನಿಮಿಷ ಹುಡುಕಿ ಸಿಗದಿದ್ದರೆ ಸುಳಿವು ಓದಿ. ಅದು ಅಕ್ಷರ ಅದಲುಬದಲಾಗಿ ಇರುತ್ತದೆ, ಒತ್ತಿದರೆ ಬಿಡಿಸಿಕೊಳ್ಳುತ್ತದೆ.

ಕೆಲವು ಜಾಗ ಬೇಡವೇ ಬೇಡ. ರೈಲ್ವೆ ಹಳಿ, ಸೇನೆಯ ಕಾಂಪೌಂಡು, ಅಣೆಕಟ್ಟು, ಹಳೆಯ ಸ್ಮಾರಕದ ಕಲ್ಲು. ಬಂಡೀಪುರದಂಥ ಹುಲಿ ಕಾಡಿನ ರಸ್ತೆಯಲ್ಲಿ ಇಳಿಯುವ ಯೋಚನೆಯನ್ನೇ ಮಾಡಬೇಡಿ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವೂ ಇಲ್ಲ. ಊರಿನವರು ಏನು ಹುಡುಕುತ್ತಿದ್ದೀರಿ ಅಂತ ಕೇಳಿದರೆ ಮುಚ್ಚಿಡಬೇಡಿ, ಫೋನ್ ತೋರಿಸಿ ಹೇಳಿಬಿಡಿ. ಸುಳ್ಳು ಹೇಳಿದರೆ ನಿಧಿ ಅಗೆಯಲು ಬಂದವರು ಅಂದುಕೊಳ್ಳುತ್ತಾರೆ.

ಡಬ್ಬಿ ಸಿಕ್ಕಿತಾ? ಹೆಸರು, ತಾರೀಖು ಬರೆಯಿರಿ. ಪೆನ್ನು ನಿಮ್ಮದೇ ಇರಬೇಕು, ಒಳಗಿರುವುದು ಒಣಗಿಯೇ ಇರುತ್ತದೆ. ಒಳಗಿನ ಆಟಿಕೆ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಇಡಿ, ತಿಂಡಿ ಮಾತ್ರ ಇಡಬೇಡಿ, ಇಲಿ, ಇರುವೆ ಬರುತ್ತವೆ. ಮುಚ್ಚಳ ಗಟ್ಟಿ ಹಾಕಿ ಅದೇ ಜಾಗದಲ್ಲಿ, ಅದೇ ರೀತಿ ಇಡಿ. ರಾತ್ರಿ ಲಾಡ್ಜ್‌ಗೆ ಬಂದು ಆನ್‌ಲೈನಿನಲ್ಲೂ ಬರೆಯಿರಿ. ಸಿಗದಿದ್ದರೂ ಬರೆಯಿರಿ, ಇಟ್ಟವರಿಗೆ ಹೋಗಿ ನೋಡಬೇಕು ಅಂತ ಗೊತ್ತಾಗುತ್ತದೆ. ಟೂರಿನಲ್ಲೇ ನಿಮ್ಮದೊಂದು ಡಬ್ಬಿ ಇಟ್ಟು ಬರುವ ಆಸೆ ಬಂದರೆ ತಡೆದುಕೊಳ್ಳಿ. ಆಗಾಗ ಹೋಗಿ ನೋಡಿಕೊಳ್ಳಲು ಆಗದ ಊರಿನಲ್ಲಿ ಇಟ್ಟದ್ದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಿಮ್ಮ ಊರಿನ ಹತ್ತಿರವೇ ಇಡಿ, ಇನ್ನೊಬ್ಬರ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರದಲ್ಲಿ.