ಅಡಿಕೆ ತೋಟ ಯಾವುದು, ಕಾಡು ಯಾವುದು: ಉಪಗ್ರಹ ಚಿತ್ರದಲ್ಲಿ ನಾನು ಬೇರೆ ಮಾಡಿದ್ದು ಹೀಗೆ

ಶಿರಸಿ, ಸಿದ್ದಾಪುರದ ಕಡೆ ಮೇಲಿನಿಂದ ನೋಡಿದರೆ ಎಲ್ಲವೂ ಹಸಿರೇ. ತೋಟ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಮರಗಳ ಗುಡ್ಡ), ಅಕೇಶಿಯಾ ನೆಡುತೋಪು, ಕಾಡು. ಒಂದೊಂದೇ ಪಿಕ್ಸೆಲ್ ನೋಡಿ ವರ್ಗೀಕರಣ ಮಾಡಿದರೆ ನಕ್ಷೆ ತುಂಬಾ ಚುಕ್ಕೆ ಬೀಳುತ್ತದೆ. ಅದಕ್ಕೇ ಒಂದೇ ಥರದ ಪಿಕ್ಸೆಲ್‌ಗಳನ್ನು ಮೊದಲು ತುಂಡುಗಳಾಗಿ ಕೂಡಿಸಿ, ಆಮೇಲೆ ಇಡೀ ತುಂಡಿಗೆ ಹೆಸರು ಕೊಡುವ ದಾರಿ ಹಿಡಿದೆ. ಬಳಸಿದ್ದು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್, ಚಿತ್ರ ವಿಶ್ಲೇಷಿಸುವ ಆರ್ಫಿಯೋ ಟೂಲ್‌ಬಾಕ್ಸ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ.

ಫೆಬ್ರವರಿ ಚಿತ್ರ ಆರಿಸಿಕೊಂಡೆ. ಮೋಡದ ಕಾಟ ಕಡಿಮೆ, ಗದ್ದೆ ಕೊಯ್ಲಾಗಿರುತ್ತದೆ, ಎಲೆ ಉದುರಿಸುವ ಮರಗಳು ಬೋಳಾಗುತ್ತಿರುತ್ತವೆ.

ನಿಜವಾದ ಕೆಲಸ ಇರುವುದು ಹೀಗೆ ತುಂಡು ಮಾಡುವ ಸೆಗ್ಮೆಂಟೇಶನ್‌ನಲ್ಲಿ. ಅದಕ್ಕೆ ಆರ್ಫಿಯೋದಲ್ಲಿರುವ ಮೀನ್ ಶಿಫ್ಟ್ ಎಂಬ ವಿಧಾನ ಕೇಳುವುದು ಮೂರು ಅಂಕಿ: ಎಷ್ಟು ದೂರದವರೆಗೆ ನೋಡಬೇಕು, ಎಷ್ಟು ಬಣ್ಣ ವ್ಯತ್ಯಾಸ ಒಪ್ಪಬೇಕು, ತುಂಡು ಕನಿಷ್ಠ ಎಷ್ಟು ದೊಡ್ಡದಿರಬೇಕು. ಬಣ್ಣ ವ್ಯತ್ಯಾಸಕ್ಕೆ ಅದು ತಾನಾಗಿ ಇಟ್ಟಿರುವುದು 15. ಆದರೆ ಸೆಂಟಿನೆಲ್ ಅಂಕಿಗಳು, ಅಂದರೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಮರಳಿತು ಎಂಬುದು, 10,000ದಿಂದ ಗುಣಿಸಿದವು. ದಟ್ಟ ಹಸಿರಿನಲ್ಲಿ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ 3,000ದ ಆಸುಪಾಸು ಇರುತ್ತದೆ, ಕೆಂಪು ಕೆಲವೇ ನೂರು. ಅಲ್ಲಿ 15 ಏನೇನೂ ಅಲ್ಲ. ಸುಮ್ನೆ ಜಾಸ್ತಿ ಮಾಡಿದರೆ ಇನ್‌ಫ್ರಾರೆಡ್ ಒಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಹಾಗಾಗಿ ಪ್ರತಿ ಬ್ಯಾಂಡನ್ನೂ (ಒಂದೊಂದು ಬಗೆಯ ಬೆಳಕಿನ ಪದರ) 0–255ಕ್ಕೆ ಹಿಗ್ಗಿಸಿಕೊಂಡು ಶುರು ಮಾಡಿದೆ. ತುಂಡು ಮಾಡಲು 10 ಮೀಟರಿನ ನಾಲ್ಕು ಬ್ಯಾಂಡ್ ಮಾತ್ರ. 20 ಮೀಟರಿನವು ತೋಟದ ಅಂಚನ್ನು ಮಸುಕು ಮಾಡುತ್ತವೆ.

ಕನಿಷ್ಠ ಗಾತ್ರದ ವಿಷಯ ನಮ್ಮ ಲೆಕ್ಕದಲ್ಲೇ ಚೆನ್ನಾಗಿ ತಿಳಿಯುತ್ತದೆ. 10 ಮೀಟರಿನ ಒಂದು ಪಿಕ್ಸೆಲ್ ಅಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ತಾನಾಗಿ ಇರುವ 50 ಪಿಕ್ಸೆಲ್ ಅಂದರೆ ಒಂದೂಕಾಲು ಎಕರೆ. ಕಣಿವೆಯಲ್ಲಿ ಪಟ್ಟಿಯಂತೆ ಹೋಗುವ ಎಷ್ಟೋ ತೋಟಗಳು ಅದಕ್ಕಿಂತ ಚಿಕ್ಕವು, ಅಲ್ವಾ? ಪಕ್ಕದ ಬೆಟ್ಟ ಅವನ್ನು ನುಂಗಿಬಿಡುತ್ತದೆ. ನಾನು 12ಕ್ಕೆ ಇಳಿಸಿದೆ. ಆಮೇಲೆ ತುಂಡುಗಳ ಗೆರೆಯನ್ನು ಗೂಗಲ್ ಅರ್ಥ್ ಚಿತ್ರದ ಮೇಲಿಟ್ಟು, ತೋಟ ಮುಗಿದು ಬೆಟ್ಟ ಶುರುವಾಗುವ ಜಾಗಗಳನ್ನೇ ನೋಡುತ್ತಾ ಹೋದೆ. ಒಂದು ತೋಟ ಮೂರು ತುಂಡಾದರೆ ಚಿಂತೆಯಿಲ್ಲ, ಹೆಸರು ಕೊಟ್ಟ ಮೇಲೆ ಕೂಡಿಸಬಹುದು. ತೋಟ, ಬೆಟ್ಟ ಒಂದೇ ತುಂಡಾದರೆ ಮುಂದೆ ಯಾವ ಕ್ಲಾಸಿಫೈಯರೂ ಬಿಡಿಸಲಾರದು.

ಇಷ್ಟಾದ ಮೇಲೆ ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ ಮರಗಳ ಮತದಿಂದ ತುಂಡಿಗೆ ಹೆಸರು ಕೊಡುವ ಕ್ಲಾಸಿಫೈಯರ್). ಅದಕ್ಕೆ ಕೊಟ್ಟಿದ್ದು ತುಂಡಿನ ಸರಾಸರಿ, ಏರಿಳಿತ, ರೆಡ್ ಎಡ್ಜ್ (ಕೆಂಪಿಗೂ ನಿಯರ್ ಇನ್‌ಫ್ರಾರೆಡ್‌ಗೂ ನಡುವಿನ ಬೆಳಕು), 11ನೇ (ಶಾರ್ಟ್‌ವೇವ್ ಇನ್‌ಫ್ರಾರೆಡ್) ಬ್ಯಾಂಡ್, ನವೆಂಬರಿನಿಂದ ಮಾರ್ಚ್‌ವರೆಗೆ ಎನ್‌ಡಿವಿಐ (ಹಸಿರಿನ ಸೂಚ್ಯಂಕ) ಎಷ್ಟು ಇಳಿಯಿತು ಎಂಬುದು, ಜೊತೆಗೆ ಎಸ್‌ಆರ್‌ಟಿಎಂ (ನಾಸಾದ ನೆಲದ ಎತ್ತರದ ಮಾಹಿತಿ) ಇಳಿಜಾರು. ತೋಟ ಕಣಿವೆಯಲ್ಲಿ, ಬೆಟ್ಟ ಇಳಿಜಾರಿನಲ್ಲಿ. ಇಳಿಜಾರು ಸೇರಿಸಿದ ಕೂಡಲೇ ನಕ್ಷೆ ತಿಳಿಯಾಯಿತು. ಟೆಕ್ಸ್ಚರ್ (ಮೇಲ್ಮೈಯ ಒರಟು, ನಯದ ವಿನ್ಯಾಸ) ಅಳತೆ ಬಿಟ್ಟೆ. ಒಂಬತ್ತು ಅಡಿಗೊಂದು ನೆಟ್ಟ ಅಡಿಕೆ ಸಾಲು 10 ಮೀಟರಿನಲ್ಲಿ ಕಾಣುವುದೇ ಇಲ್ಲ.

ಪರೀಕ್ಷೆಗೆ ಕೆಲವು ಊರುಗಳನ್ನು ಪೂರ್ತಿ ಹೊರಗಿಟ್ಟೆ. ಕಲಿಸಿದ ತೋಟದ ಪಕ್ಕದಲ್ಲೇ ಪರೀಕ್ಷಿಸಿದರೆ ಅಂಕ ಸುಳ್ಳು ಹೇಳುತ್ತದೆ. ಬಾಳೆ ನೆರಳಲ್ಲಿರುವ ಎಳೆ ತೋಟ ಇನ್ನೂ ಕೈಗೆ ಸಿಕ್ಕಿಲ್ಲ. ಅದನ್ನು ಸದ್ಯ ಬೇರೆ ವರ್ಗ ಮಾಡಿ, ನಕ್ಷೆಯಲ್ಲಿ ಬೇರೆ ಬಣ್ಣದಲ್ಲೇ ತೋರಿಸುತ್ತಿದ್ದೇನೆ.