ಸಂತೆ ಮೈದಾನಕ್ಕೊಂದು ಕಟ್ಟೆ: ವೃತ್ತ, ನಕ್ಷತ್ರ, ಮೆಟ್ಟಿಲು ಚೌಕ

ವಾಸ್ತುಶಿಲ್ಪ ಓದಿನ ನಾಲ್ಕನೇ ವರ್ಷದ ಸ್ಟುಡಿಯೊದಲ್ಲಿ, ಅಂದರೆ ವಿನ್ಯಾಸದ ತರಗತಿಯಲ್ಲಿ, ನಮಗೆ ಕೊಟ್ಟ ವಿಷಯ ಎರಡೇ ಸಾಲಿನದು. ನಿಮಗೆ ಪರಿಚಯವಿರುವ ಊರಿನ ಒಂದು ಸಾರ್ವಜನಿಕ ಜಾಗ ಆರಿಸಿಕೊಳ್ಳಿ. ಯಾವುದಾದರೂ ಒಂದೇ ಜ್ಯಾಮಿತೀಯ ಆಕಾರವನ್ನು ಹಿಡಿದು ಅದನ್ನು ರೂಪಿಸಿ. ಸಹಪಾಠಿಗಳಲ್ಲಿ ಹೆಚ್ಚಿನವರು ಉದ್ಯಾನ, ಮೆಟ್ರೊ ಕಂಬಗಳ ಕೆಳಗಿನ ಜಾಗ ಎಂದು ಹೊರಟರು. ನಾನು ಕೊಪ್ಪಳ ಜಿಲ್ಲೆಯವನು, ಕುಕನೂರಿನ ಸಂತೆ ಬಯಲನ್ನು ಆರಿಸಿಕೊಂಡು ಅಲ್ಲಿ ಜನ ಕೂರಲು ಒಂದು ಕಟ್ಟೆ ಬರೆಯಹೊರಟೆ. ವಾರಕ್ಕೊಂದು ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನ ಹುಡುಗರ ಕ್ರಿಕೆಟ್ಟು, ಒಂದೆರಡು ಟ್ರ್ಯಾಕ್ಟರ್ ಟ್ರೇಲರ್, ಬಿಸಿಲು.

ಆಕಾರದ ಗೊಡವೆಗೆ ಹೋಗುವ ಮೊದಲು ಜನ ಎಲ್ಲಿ ಕೂರುತ್ತಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತ ಹೋದೆ. ಮೋರಿಯ ಗೋಡೆ, ಅಂಗಡಿಯ ಮೆಟ್ಟಿಲು, ಗೊಬ್ಬರದ ಚೀಲ, ಬಿಚ್ಚಿಟ್ಟ ಬಂಡಿಯ ಮೂಕಿ. ಬಯಲಿನ ನಟ್ಟನಡುವೆ ಕುಳಿತವರು ಮಾರುವವರು ಮಾತ್ರ. ಕೊಳ್ಳಲು ಬಂದವರು, ಬಸ್ಸಿಗೆ ಕಾಯುವವರು, ಸುಮ್ಮನೆ ಬಂದ ಹಿರಿಯರು ಎಲ್ಲರೂ ಅಂಚಿನಲ್ಲಿ. ಕಾಗದದ ಮೇಲೆ ನಾವು ನಡುವಿನ ಜಾಗವನ್ನು ಅಲಂಕರಿಸುವುದರಲ್ಲಿ ಎಷ್ಟು ಗಂಟೆ ಕಳೆಯುತ್ತೇವೆ ಎಂದು ನೆನೆದರೆ ನಗು ಬರುತ್ತದೆ. ಹಾಗಾಗಿ ನನ್ನ ಪ್ರಶ್ನೆ ಬದಲಾಯಿತು: ಅಷ್ಟೇ ನೆಲದಲ್ಲಿ ಅತಿ ಹೆಚ್ಚು ಅಂಚು ಕೊಡುವ ಆಕಾರ ಯಾವುದು, ಮತ್ತು ಆ ಅಂಚು ಕೂರಲು ಯೋಗ್ಯವೇ?

ಇನ್ನೊಂದು ಪ್ರಶ್ನೆ ನೆರಳಿನದು. ನಮ್ಮ ಭಾಗ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ಮಧ್ಯಾಹ್ನ 12 ಗಂಟೆ 20–30 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟಗೆ ನಿಂತ ಗೋಡೆಗೆ ಆಗ ನೆರಳೇ ಇಲ್ಲ. ಅದೇ ಮೇ ತಿಂಗಳ ಸಂಜೆ 4ಕ್ಕೆ ನೆರಳಿನ ಉದ್ದ ವಸ್ತುವಿನ ಎತ್ತರದ 1.3 ಪಟ್ಟು, ಅದೂ ಹೆಚ್ಚುಕಡಿಮೆ ನೇರ ಪೂರ್ವಕ್ಕೆ. 5.30ಕ್ಕೆ ಮೂರು ಪಟ್ಟಿಗೂ ಮೀರಿರುತ್ತದೆ. ಇದನ್ನು ಲೆಕ್ಕ ಹಾಕಿದ ಮೇಲೆ ಮರವನ್ನು ಕಟ್ಟೆಯ ನಡುವೆ ನೆಡುವ ರೂಢಿಯನ್ನು ನನ್ನ ನಕ್ಷೆಯಿಂದ ಕೈಬಿಟ್ಟೆ. ಬೇವಿನ ಮರದ ಹಂದರ ನೆಲದಿಂದ 6 ಮೀಟರ್ ಎತ್ತರದಲ್ಲಿದ್ದರೆ ಸಂಜೆ 4ಕ್ಕೆ ಅದರ ನೆರಳಿನ ನಡುಭಾಗ 8 ಮೀಟರ್‌ನಷ್ಟು ಪೂರ್ವಕ್ಕೆ ಸರಿದಿರುತ್ತದೆ. 12 ಮೀಟರ್ ಅಗಲದ ಕಟ್ಟೆಯ ನಡುವೆ ಅಂಥ ಮರವಿದ್ದರೆ, ಸಂತೆ ಕಾವೇರುವ ಹೊತ್ತಿಗೆ ತಂಪು ಕಟ್ಟೆಯನ್ನು ದಾಟಿ ಹೋಗಿರುತ್ತದೆ. ಬೇವನ್ನು ಪಶ್ಚಿಮದ ಅಂಚಿಗೆ ಸರಿಸಿದೆ.

ಆಕಾರಕ್ಕೆ ಬಂದರೆ, ಎಲ್ಲರ ಕೈ ಮೊದಲು ಹೋಗುವುದು ವೃತ್ತದತ್ತ. ಅರಳಿಕಟ್ಟೆಗಳು ಎಷ್ಟೋ ಊರಲ್ಲಿ ದುಂಡಗಿವೆ, ಅದಕ್ಕೆ ಕಾರಣವೂ ಇದೆ: ದುಂಡು ಕಟ್ಟೆಯಲ್ಲಿ ಪ್ರತಿಯೊಬ್ಬರ ಮುಖ ಬೇರೆ ದಿಕ್ಕಿಗಿರುತ್ತದೆ. ಅಪರಿಚಿತರು ಪಕ್ಕಪಕ್ಕ ಕುಳಿತರೂ ಒಬ್ಬರನ್ನೊಬ್ಬರು ನೋಡಬೇಕಾದ ಮುಜುಗರವಿಲ್ಲ. ಆದರೆ ಮೂವರು ಗೆಳೆಯರು ಮಾತಿಗೆ ಕುಳಿತರೆ ನಡುವಿನವನು ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗುತ್ತಾನೆ. ಸಂತೆಗೆ ಇನ್ನೂ ಒಂದು ತೊಂದರೆ. ತಾಡಪಾಲು ಆಯತಾಕಾರದ್ದು, ವೃತ್ತದ ಸುತ್ತ ಅದನ್ನು ಹಾಸಿದರೆ ಎರಡು ಹಾಸಿನ ನಡುವೆ ತ್ರಿಕೋನದ ಸಂದಿ ಉಳಿಯುತ್ತದೆ. ಕೊಳೆತ ಟೊಮೆಟೊ, ಕೋಸಿನ ಎಲೆ ಸೇರುವುದು ಅಲ್ಲಿಗೇ.

ಎರಡನೆಯದು ನಕ್ಷತ್ರ. ಇದಕ್ಕೆ ಪಕ್ಕದ ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯ ಪ್ರೇರಣೆ. ಅದರ ಗರ್ಭಗುಡಿಯ ಹೊರಗೋಡೆ 24 ಮೊನೆಗಳ ನಕ್ಷತ್ರ. ಬಟರ್ ಪೇಪರಿನ ಮೇಲೆ ಒಂದು ಚೌಕ ಬರೆದು, ಮಧ್ಯಬಿಂದುವಿಗೆ ಗುಂಡುಸೂಜಿ ಚುಚ್ಚಿ, 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರನೇ ಚೌಕಕ್ಕೆ ಆ ನಕ್ಷತ್ರ ಸಿಗುತ್ತದೆ. ಬರೆಯುವಾಗಿನ ಖುಷಿಯೇ ಬೇರೆ. ಇಷ್ಟು ಸರಳ ಯುಕ್ತಿಯಿಂದ ಅಷ್ಟು ಸಂಕೀರ್ಣ ಗೋಡೆಯೇ ಎನ್ನಿಸುತ್ತದೆ. ಆದರೆ 12 ಮೀಟರ್ ಅಗಲದ ಕಟ್ಟೆಯಾಗಿ ಇಳಿಸಿದಾಗ ಪ್ರತಿ ಮುಖದ ಉದ್ದ 99 ಸೆಂಟಿಮೀಟರ್ ಬರುತ್ತದೆ. ಒಬ್ಬರಿಗೆ ಹೆಚ್ಚು, ಇಬ್ಬರಿಗೆ ಕಡಿಮೆ. ಬೆಳಕು ಮುಖದಿಂದ ಮುಖಕ್ಕೆ ಬದಲಾಗುತ್ತ ಹೋಗುವುದನ್ನು ನೋಡಲು ಹೇಳಿ ಮಾಡಿಸಿದ ಆಕಾರ ಅದು. ತಳ್ಳುಗಾಡಿ ಓಡಾಡುವ ಕಡೆ ಮೊಣಕಾಲೆತ್ತರದಲ್ಲಿ 24 ಮೊನೆ ಇಡಲು ನನಗೆ ಧೈರ್ಯ ಬರಲಿಲ್ಲ.

ಮೂರನೆಯದು ಕುಕನೂರಿಗೆ ಹತ್ತಿರದ ಇಟಗಿಯಲ್ಲೇ ಇತ್ತು. 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ. ಎಲ್ಲರೂ ಹೊಗಳುವುದು ಅಲ್ಲಿನ ಕಂಬಗಳನ್ನು. ಚರಕಿಯಲ್ಲಿ ಕಡೆದ ಆ ಬಳಪದ ಕಲ್ಲಿನ ನುಣುಪಿಗೆ ಹೊಗಳಿಕೆ ಸಲ್ಲಬೇಕಾದದ್ದೇ. ನಾನು ಮಾತ್ರ ಗರ್ಭಗುಡಿಯ ಹೊರಗೋಡೆಯ ಬುಡ ನೋಡುತ್ತ ಸುತ್ತಿದೆ. ಗೋಡೆ ಮೂಲೆಗೆ ನೇರವಾಗಿ ಹೋಗುವುದಿಲ್ಲ. ಹಂತಹಂತವಾಗಿ ಹಿಂದೆ ಸರಿಯುತ್ತ, ಪ್ರತಿ ಹಂತದಲ್ಲೂ ಲಂಬಕೋನ ಉಳಿಸಿಕೊಂಡು ತಿರುಗುತ್ತದೆ. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ಹೊರಮೂಲೆ ಕಾದು ಸುಡುತ್ತಿದ್ದರೆ, ಪಕ್ಕದ ಒಳಮೂಲೆಯಲ್ಲಿ ಅಂಗೈ ಅಗಲದ ನೆರಳು ಇನ್ನೂ ಉಳಿದಿತ್ತು. ಆ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಜಾಗ ಆರಿಸುವುದರಲ್ಲಿ ನಾಯಿ ಬೆಕ್ಕುಗಳನ್ನು ನಂಬಬಹುದು.

ಗೋಡೆಯ ಅದೇ ಮಡಿಕೆಯನ್ನು ಕೂರುವ ಎತ್ತರಕ್ಕೆ, ಅಂದರೆ 45 ಸೆಂಟಿಮೀಟರಿಗೆ ಇಳಿಸಿದರೆ? 12 ಮೀಟರ್ ಚೌಕದ ಸುತ್ತಳತೆ 48 ಮೀಟರ್, ವಿಸ್ತೀರ್ಣ 144 ಚದರ ಮೀಟರ್. ನಾಲ್ಕೂ ಮೂಲೆಯಲ್ಲಿ ಮೇಲಿನಿಂದ ನೋಡಿದರೆ ಮೆಟ್ಟಿಲಿನಂತೆ ಕಾಣುವ ಹಾಗೆ ಒಂದೂವರೆ ಮೀಟರಿನ ಎರಡೆರಡು ಹಂತ ಕತ್ತರಿಸಿದರೆ (ಇದೇ ನನ್ನ ಮೆಟ್ಟಿಲು ಚೌಕ) ವಿಸ್ತೀರ್ಣ 117ಕ್ಕೆ ಇಳಿಯುತ್ತದೆ, ಸುತ್ತಳತೆ ಮಾತ್ರ 48ರಲ್ಲೇ ನಿಲ್ಲುತ್ತದೆ. ಅಷ್ಟೇ ಅಗಲದ ವೃತ್ತಕ್ಕೆ 113 ಚದರ ಮೀಟರ್ ನೆಲ ಬೇಕು, ಅಂಚು ಸಿಗುವುದು 38 ಮೀಟರಿಗೂ ಕಡಿಮೆ. ಹೆಚ್ಚುಕಡಿಮೆ ಅಷ್ಟೇ ನೆಲಕ್ಕೆ 10 ಮೀಟರ್ ಅಂಚು ಜಾಸ್ತಿ. ಒಬ್ಬರಿಗೆ 60 ಸೆಂಟಿಮೀಟರ್ ಹಿಡಿದರೂ ಹದಿನಾರು ಹದಿನೇಳು ಮಂದಿಗೆ ಕೂರಲು ಜಾಗ. ನಕ್ಷತ್ರಕ್ಕೂ 47 ಮೀಟರ್ ಅಂಚಿದೆ, ಆದರೆ ಅದು ತುಂಡುತುಂಡು. ಮೆಟ್ಟಿಲು ಚೌಕದಲ್ಲಿ ಎಂಟು ಒಳಮೂಲೆಗಳು: ಅಲ್ಲಿ ಕುಳಿತವರು ಪರಸ್ಪರ ಲಂಬಕ್ಕೆ ತಿರುಗಿ ಮಾತಾಡಬಹುದು. ಹೊರಮೂಲೆಗಳಲ್ಲಿ ಒಂಟಿಯಾಗಿ ಕೂರುವವರು ಕೂರಲಿ.

ಈ ಲೆಕ್ಕವನ್ನು ಕಣ್ಣಿಗೆ ಕಾಣಿಸಲು 1:200ರ, ಅಂದರೆ ನಿಜದ ಇನ್ನೂರನೇ ಒಂದರ ಅಳತೆಯ ಮಾದರಿಗಳನ್ನು ಮೌಂಟ್ ಬೋರ್ಡಿನ ದಪ್ಪ ರಟ್ಟಿನಲ್ಲಿ ಕತ್ತರಿಸಿದೆ. ಮನುಷ್ಯರ ಬದಲಿಗೆ ಅಮ್ಮನ ಡಬ್ಬಿಯ ಜೋಳ. ಬಿಳಿಜೋಳದ ಕಾಳು ಸುಮಾರು 4 ಮಿಲಿಮೀಟರ್; ಆ ಪ್ರಮಾಣದಲ್ಲಿ 80 ಸೆಂಟಿಮೀಟರ್, ಅಂದರೆ ಪಕ್ಕದಲ್ಲಿ ಚೀಲ ಇಟ್ಟುಕೊಂಡು ಕುಳಿತವರಷ್ಟು. ಅಂಚಿಗೆ ಗೋಂದು ಸವರಿ ಚಿಮಟದಿಂದ ಒಂದೊಂದೇ ಕಾಳು ಕೂರಿಸಿದೆ. ನಕ್ಷತ್ರದ ಪ್ರತಿ ಮುಖದಲ್ಲೂ ಒಂದೇ ಕಾಳು ನಿಂತು, ಪಕ್ಕದಲ್ಲಿ ಯಾರಿಗೂ ಬೇಡವಾದ ಚೂರು ಉಳಿಯಿತು. ಮೆಟ್ಟಿಲು ಚೌಕದ ಒಂದೊಂದು ಮಡಿಕೆಯಲ್ಲಿ ಎರಡೆರಡು ಕಾಳು ಒತ್ತಿಕೊಂಡು ಕುಳಿತವು.

ಮಾದರಿಯನ್ನು ನಾವು ಸದಾ ಮೇಲಿನಿಂದ ನೋಡುತ್ತೇವೆ, ಸಂತೆಗೆ ಬಂದವರಿಗೆ ಆ ನೋಟವೇ ಇಲ್ಲ. ಆದ್ದರಿಂದ ನಮ್ಮ ಓಣಿಯ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗಿ ಮೈದಾನದಲ್ಲೇ ನಿಜದ ಅಳತೆಯಲ್ಲಿ ಸುಣ್ಣದ ಗೆರೆ ಎಳೆದೆವು. ಹಗ್ಗದಲ್ಲಿ 3, 4, 5 ಅಡಿಗೆ ಗಂಟು ಹಾಕಿ ಅವರು ಲಂಬಕೋನ ಹಿಡಿದ ವೇಗಕ್ಕೆ ನನ್ನ ಸೆಟ್‌ಸ್ಕ್ವೇರ್ ನಾಚಿತು. ಒಂದು ಮೂಲೆಯನ್ನು ಮಾತ್ರ ಸಿಮೆಂಟ್ ಬ್ಲಾಕುಗಳನ್ನು ಎರಡು ವರಸೆ ಜೋಡಿಸಿ ಎಬ್ಬಿಸಿದೆವು. ಸಂತೆಯ ದಿನ ಬೆಳಿಗ್ಗೆ ಸೊಪ್ಪು ಮಾರುವ ಹೆಂಗಸೊಬ್ಬರು ಯಾರನ್ನೂ ಕೇಳದೆ ಆ ಒಳಮೂಲೆಯಲ್ಲಿ ನೆಲಕ್ಕೆ ಕುಳಿತರು. ಬೆನ್ನಿಗೆ ಒಂದು ಮುಖ, ಬಲಗೈ ಪಕ್ಕದ ಮುಖದ ಮೇಲೆ ತಕ್ಕಡಿ, ಚಿಲ್ಲರೆಯ ಡಬ್ಬಿ, ನೀರಿನ ಬಾಟಲಿ. ಮುಂದೆ ಮೆಂತ್ಯ, ಪುಂಡಿಪಲ್ಯದ ಸಿವುಡುಗಳು. ಹಿಂದಿನಿಂದ ದನ ಬಾಯಿ ಹಾಕುವಂತಿಲ್ಲ. ನಾನು ಕೂರಲು ಬರೆದ ಮಡಿಕೆ ಅವರಿಗೆ ಅಂಗಡಿಯಾಯಿತು. ಅಂದಿನಿಂದ ನಕ್ಷೆಯಲ್ಲಿ ನಾಲ್ಕು ಒಳಮೂಲೆ ಮಾರುವವರಿಗೆ, ನಾಲ್ಕು ಮಾತಿಗೆ ಎಂದು ಹಂಚಿದೆ. ಯಾರು ಎಲ್ಲಿ ಕೂರುತ್ತಾರೆಂಬುದನ್ನು ಅವರೇ ತೀರ್ಮಾನಿಸುತ್ತಾರೆ, ಅದು ಬೇರೆ ಮಾತು.

ಜ್ಯೂರಿಯಲ್ಲಿ, ಅಂದರೆ ಕೆಲಸ ನೋಡಿ ಅಂಕ ಕೊಡುವವರ ಮುಂದೆ, ಹೊರಗಿನಿಂದ ಬಂದಿದ್ದ ವಾಸ್ತುಶಿಲ್ಪಿಯೊಬ್ಬರು ಕಾನ್ಸೆಪ್ಟ್ ಎಲ್ಲಿ ಎಂದು ಕೇಳಿದರು. ಜೋಳದ ಮಾದರಿಗಳನ್ನು ಮುಂದಿಟ್ಟೆ. ಗುಡಿಯ ಆಕಾರವನ್ನು ಸಂತೆಗೆ ತರುವುದು ಅನುಕರಣೆಯಲ್ಲವೇ ಎಂಬ ಅವರ ಇನ್ನೊಂದು ಪ್ರಶ್ನೆ ಗಟ್ಟಿಯಾಗಿತ್ತು. ಶಿಲ್ಪ, ಶಿಖರ, ಕಮಾನು ಎಂದು ತಂದಿದ್ದರೆ ಅನುಕರಣೆಯೇ. ಮೂಲೆಯನ್ನು ತಿರುಗಿಸುವ ಕ್ರಮವನ್ನು ಮಾತ್ರ ತೆಗೆದುಕೊಂಡಿದ್ದೇನೆ, ಅದರ ಮೇಲೆ ಯಾವ ಗುಡಿಗೂ ಹಕ್ಕುಸ್ವಾಮ್ಯವಿಲ್ಲ ಎಂದೆ. ಅಂಕ ಸಾಧಾರಣವಾಗಿಯೇ ಬಂತು.

ಅದಕ್ಕಿಂತ ಹೆಚ್ಚು ತಲೆ ತಿಂದದ್ದು ನೆಲ. ಇಲ್ಲಿಯದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಕಾಂಕ್ರೀಟ್ ಹಾಸಿನಲ್ಲಿ ಬಿರುಕು ಮೊದಲು ಹುಟ್ಟುವುದು ಒಳಮೂಲೆಯ ತುದಿಯಿಂದ. ಅಂದರೆ ನನ್ನ ಕಟ್ಟೆಯಲ್ಲಿ ಎಂಟು ಕಡೆ ಬಿರುಕಿಗೆ ಆಹ್ವಾನ. ಅದಕ್ಕೆ ಇಡೀ ಕಟ್ಟೆಯನ್ನು ಒಂದೇ ಹಾಸಾಗಿ ಸುರಿಯುವ ಬದಲು ಒಂದೂವರೆ ಮೀಟರಿನ ಚೌಕಗಳಾಗಿ ಒಡೆದು, ಪ್ರತಿ ಒಳಮೂಲೆಯಿಂದಲೂ ಹಾಸುಗಳ ನಡುವಿನ ಸಂದಿನ ಗೆರೆ ಹೊರಡುವಂತೆ ಬರೆದೆ. ಅಂಚಿನ ಬುಡದಲ್ಲಿ ಎರೆಮಣ್ಣು ತೆಗೆದು ಮೊರಂ (ಗರಸು ಮಣ್ಣು) ತುಂಬುವುದು, ಮೇಲ್ಮೈಗೆ ನಡುವಿನಿಂದ ಅಂಚಿಗೆ ನೂರಕ್ಕೆ ಒಂದರ ಇಳಿಜಾರು, ಅಂದರೆ 6 ಸೆಂಟಿಮೀಟರ್. ಕಟ್ಟೆಯ ಮೇಲಿನ ನೀರನ್ನು ಪಶ್ಚಿಮದ ಬೇವುಗಳ ಗುಂಡಿಗೆ ತಿರುಗಿಸಿದ್ದೇನೆ. ಆ ಕಾಲುವೆಯ ವಿವರವನ್ನು ಈಗ 1:10ರಲ್ಲಿ ಬರೆಯುತ್ತಿದ್ದೇನೆ.